ಚಾರಣಕ್ಕೆ ಹಗುರವಾದ ಕ್ಯಾಮೆರಾ ಬೇಕು: ಬಳಸಿದವರು ಹೇಳಿ

ಮೈಸೂರಿನಿಂದ

ಹತ್ತು ವರ್ಷದಿಂದ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ) ಹೊತ್ತುಕೊಂಡೇ ಬೆಟ್ಟ ಹತ್ತಿದ್ದೇನೆ. ಬಾಡಿ, 18-55 ಮತ್ತು 70-300 ಮಿ.ಮೀ. ಲೆನ್ಸ್, ಚೀಲ ಎಲ್ಲ ಸೇರಿ ಎರಡು ಕೆ.ಜಿ. ಹತ್ತಿರ. ಕಳೆದ ಸಲ ಕುಮಾರಪರ್ವತ ಇಳಿಯುವಾಗ ಮಂಡಿ ಹಿಡಿದುಕೊಂಡು ಕೂರುವ ಹಾಗಾಯಿತು. ಇನ್ನು ಆ ಭಾರ ಆಗಲ್ಲ. ಮನೆಯಲ್ಲಿ ಫೋನ್ ಸಾಕು ಅಂತಾರೆ, ನನ್ನ ಮನಸ್ಸು ಒಪ್ಪುತ್ತಿಲ್ಲ. ಜೇಬಿಗೆ ಹಿಡಿಸಬೇಕು, ಮಳೆ ತಡೆಯಬೇಕು, ಒಂದಿಷ್ಟು ಜೂಮ್ ಇರಬೇಕು. ಬೆಟ್ಟದಲ್ಲಿ ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ

ಸರ್, ಜೇಬು, ಮಳೆ, ಜೂಮ್ ಮೂರೂ ಒಂದರಲ್ಲೇ ಚೆನ್ನಾಗಿರುವ ಕ್ಯಾಮೆರಾ ನನಗಂತೂ ಸಿಕ್ಕಿಲ್ಲ. ಎರಡು ಹಿಡಿದು ಒಂದು ಬಿಡಬೇಕು. ಯಾವುದನ್ನು ಬಿಡಬಹುದು ಅಂತ ನಿಮ್ಮ ಹಳೆಯ ಫೋಟೋಗಳೇ ಹೇಳುತ್ತವೆ. ಕಂಪ್ಯೂಟರ್‌ನಲ್ಲಿ ಒಂದೊಂದೇ ಫೋಟೋ ತೆರೆದು, ಯಾವ ಫೋಕಲ್ ಲೆಂತ್‌ನಲ್ಲಿ (ಲೆನ್ಸಿನ ಮಿ.ಮೀ. ಅಂಕಿ, ಹೆಚ್ಚಾದಷ್ಟು ದೂರದ್ದು ಹತ್ತಿರ ಕಾಣುತ್ತದೆ) ತೆಗೆದದ್ದು ಅಂತ ನೋಡಿ. ನಾನು ಒಂದು ಭಾನುವಾರ ಕೂತು ನೋಡಿದೆ. ಮುಕ್ಕಾಲು ಪಾಲು 18ರಿಂದ 35ರ ಒಳಗೇ ಇತ್ತು. ದೊಡ್ಡ ಲೆನ್ಸನ್ನು ವರ್ಷಗಟ್ಟಲೆ ಸುಮ್ಮನೆ ಹೊತ್ತಿದ್ದೆ. ಅದರ ಬದಲು ಇನ್ನೊಂದು ಬಾಟಲಿ ನೀರು ಇಟ್ಟುಕೊಂಡಿದ್ದರೆ ಎಷ್ಟು ಉಪಕಾರವಾಗುತ್ತಿತ್ತು.

ಈಗ ಬಳಸುತ್ತಿರುವುದು ಸೋನಿ ಆರ್‌ಎಕ್ಸ್100 ಮಾರ್ಕ್ 7. 2019ರಲ್ಲಿ ಬಂದದ್ದು. ಬ್ಯಾಟರಿ, ಕಾರ್ಡ್ ಸೇರಿ 302 ಗ್ರಾಂ. ಜೂಮ್ 24ರಿಂದ 200 ಮಿ.ಮೀ.ವರೆಗೆ. (ನಿಮ್ಮ 18-55ರ ಲೆಕ್ಕ ಇದಕ್ಕೆ ಹೋಲಿಸಬೇಕಾದರೆ ಸುಮಾರು ಒಂದೂವರೆಯಿಂದ ಗುಣಿಸಿಕೊಳ್ಳಿ, 27-82 ಆಗುತ್ತದೆ.) ಒಂದಿಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅಂತಾರೆ, ಆದರೆ ಅಳತೆ 13.2 × 8.8 ಮಿ.ಮೀ. ಅಷ್ಟೆ. ನಿಮ್ಮ ಡಿಎಸ್‌ಎಲ್‌ಆರ್‌ನದು ಅದರ ಮೂರು ಪಟ್ಟು ದೊಡ್ಡದು, ಹಾಗಾಗಿ ಬೆಟ್ಟದ ಕಣಿವೆಯ ದಟ್ಟ ಶೋಲಾ ಕಾಡಿನ ಕತ್ತಲೆಯಲ್ಲಿ ಅದರಷ್ಟು ಚೊಕ್ಕಟ ಬರಲ್ಲ. ಹುಲ್ಲುಗಾವಲಿಗೆ ಬಂದಮೇಲೆ ವ್ಯತ್ಯಾಸ ಹುಡುಕಬೇಕು.

ಮನೆಯವರ ಮಾತೂ ಅರ್ಧ ನಿಜ. ಹಗಲಿನಲ್ಲಿ ಅಗಲವಾದ ನೋಟಕ್ಕೆ ಒಳ್ಳೆಯ ಫೋನ್ ಧಾರಾಳ ಸಾಕು. ಆದರೆ ಬೆರಳು ಒದ್ದೆಯಾದರೆ ಫೋನಿನ ಪರದೆ ಮಾತು ಕೇಳಲ್ಲ, ಗುಂಡಿ ಇರುವ ಕ್ಯಾಮೆರಾ ಕೇಳುತ್ತದೆ. ಎದುರು ಬೆಟ್ಟದ ಏಣಿನ ಮೇಲೆ ಸಾಲಾಗಿ ಹೋಗುತ್ತಿರುವವರನ್ನು ಹತ್ತಿರ ತರಲು ನಿಜವಾದ ಜೂಮೇ ಬೇಕು. ಜೊತೆಗೆ ಫೋನಿನ ಬ್ಯಾಟರಿ ದಾರಿ ನೋಡಲು, ತುರ್ತಿಗೆ ಉಳಿಯಬೇಕಲ್ಲ.

ಮಾಡೆಲ್‌ಗಿಂತ ಮುಖ್ಯವಾದದ್ದು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಅನ್ನುವುದು. ಕುಮಾರಪರ್ವತದ ದಾರಿಯ ಶೇಷಪರ್ವತ ಹತ್ತುವಾಗ ಒಮ್ಮೆ ಸುತ್ತ ಬರೀ ಮಂಜು, ಮುಂದಿನವನ ಬೆನ್ನಷ್ಟೇ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಎಡಗಡೆ ಮೋಡ ಹರಿಯಿತು. ಕೆಳಗೆ ಇಡೀ ಕಣಿವೆ, ಬಿಸಿಲು ಬಿದ್ದ ಒಂದೇ ಒಂದು ಪಟ್ಟಿ ಕಾಡು. ನನ್ನ ಗೆಳೆಯ ಚೀಲ ಇಳಿಸಿ, ಮಳೆ ಹೊದಿಕೆ ತೆಗೆದು, ಎರಡನೇ ಜಿಪ್ ಎಳೆಯುವಷ್ಟರಲ್ಲಿ ಮತ್ತೆ ಮುಚ್ಚಿತು. ನನ್ನ ಕ್ಯಾಮೆರಾ ಭುಜದ ಪಟ್ಟಿಗೆ ಕಟ್ಟಿದ ಪುಟ್ಟ ಪೌಚಿನಲ್ಲಿತ್ತು, ನಾಲ್ಕು ಫೋಟೋ ಸಿಕ್ಕಿದವು. ಆವತ್ತಿನಿಂದ ಅವನೂ ಪೌಚ್ ಕಟ್ಟಿಸಿಕೊಂಡ. ಎಷ್ಟೇ ಹಗುರವಿರಲಿ, ಚೀಲದೊಳಗಿದ್ದರೆ ಹೊರಗೆ ಬರಲ್ಲ ಸರ್.

ನನ್ನ ಸೋನಿಗೆ ಮಳೆ ಆಗಲ್ಲ. ನಾನು ಜಿಪ್‌ಲಾಕ್ ಕವರ್ ಇಟ್ಟುಕೊಂಡಿರುತ್ತೇನೆ, ಜೋರಾದರೆ ಒಳಗೆ. ಬ್ಯಾಟರಿಯೂ ಚಿಕ್ಕದು. ಕಂಪನಿಯ ಲೆಕ್ಕದಲ್ಲೇ 260 ಫೋಟೋ ಆಸುಪಾಸು, ಎರಡು ದಿನದ ಚಾರಣಕ್ಕೆ ಇನ್ನೆರಡು ಬ್ಯಾಟರಿ ಬೇಕು.

ತೀರ್ಥಹಳ್ಳಿಯಿಂದ

ಮಳೆಯನ್ನು ಬಿಡಬೇಡಿ ಅಣ್ಣ, ಜೂಮ್ ಬಿಡಿ. ನಾನು ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಹೆಚ್ಚು ಕಾಡು ಸುತ್ತುವವಳು. ಓಎಂ ಸಿಸ್ಟಮ್ ಟಫ್ ಟಿಜಿ-7 ಇಟ್ಟುಕೊಂಡಿದ್ದೇನೆ, 249 ಗ್ರಾಂ. 15 ಮೀಟರ್ ನೀರಿನಾಳಕ್ಕೂ ಆಗುತ್ತದೆ, ಎರಡು ಮೀಟರ್ ಎತ್ತರದಿಂದ ಬಿದ್ದರೆ ತಡೆದುಕೊಳ್ಳುತ್ತದೆ. ಕೆಸರಾದರೆ ಹಳ್ಳದಲ್ಲಿ ಅದ್ದಿ ತೊಳೆಯುತ್ತೇನೆ. ಕ್ಯಾಮೆರಾ ಅಂತ ಹೆದರಿಕೊಂಡು ನಡೆಯುವುದೇ ತಪ್ಪಿತು.

ಇದರ ಮೈಕ್ರೋಸ್ಕೋಪ್ ಮೋಡ್ ಒಂದು ಸೆಂಟಿಮೀಟರ್ ಹತ್ತಿರ ಹೋದರೂ ಫೋಕಸ್ ಮಾಡುತ್ತದೆ. ಹೋದ ವರ್ಷ ಎಲೆಯ ತುದಿಯಲ್ಲಿ ಎದ್ದು ನಿಂತು ಓಲಾಡುತ್ತಿದ್ದ ಉಂಬಳದ (ಕಾಡಿನ ಜಿಗಣೆ) ಫೋಟೋ ತೆಗೆದೆ. ಮೈಮೇಲಿನ ಉಂಗುರ ಒಂದೊಂದೂ ಎಣಿಸಬಹುದು, ಬೆನ್ನಮೇಲೆ ಕೂತ ನೀರಿನ ಹನಿಯೊಳಗೆ ಆಕಾಶ ತಲೆಕೆಳಗಾಗಿ ಕಾಣುತ್ತದೆ. ಅಷ್ಟು ಹತ್ತಿರ ಹೋದಾಗ ಉಸಿರು ಹಿಡಿಯಬೇಕು, ಇಲ್ಲವಾದರೆ ಗಾಜು ಮಂಜಾಗುತ್ತದೆ. ಕಪ್ಪೆಗಳನ್ನು ದಯವಿಟ್ಟು ಕೈಯಲ್ಲಿ ಹಿಡಿಯಬೇಡಿ, ಕೈಗೆ ಹಚ್ಚಿಕೊಂಡ ಸೊಳ್ಳೆ ಮುಲಾಮು ಅವುಗಳ ಚರ್ಮಕ್ಕೆ ವಿಷ.

ಕೊರತೆಯೂ ಹೇಳಬೇಕು. ಸೆನ್ಸರ್ ಬಲು ಚಿಕ್ಕದು, ಒಂದಿಂಚಿನದರ ಕಾಲು ಭಾಗ. 12 ಮೆಗಾಪಿಕ್ಸೆಲ್. ಜೂಮ್ ನಾಲ್ಕು ಪಟ್ಟು, 100 ಮಿ.ಮೀ.ಗೆ ಮುಗಿಯಿತು. ಸಂಜೆ ಕಾಡಿನಲ್ಲಿ ತೆಗೆದದ್ದು ನುಚ್ಚುನುಚ್ಚಾಗಿ ಕಾಣುತ್ತದೆ. ಬ್ಯಾಟರಿ ಬಾಗಿಲಿನ ರಬ್ಬರ್ ಅಂಚನ್ನು ಪ್ರತಿ ಸಲ ಒರೆಸಿಯೇ ಮುಚ್ಚಿ, ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಹೋಗಬಹುದು.

ಶಿರಸಿಯಿಂದ

ಜೂಮ್ ಪೂರ್ತಿ ಬಿಟ್ಟವನ ಮಾತೂ ಇರಲಿ. ರಿಕೋ ಜಿಆರ್ 3. 257 ಗ್ರಾಂ, ನಿಮ್ಮ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್, ಅಂಗಿ ಜೇಬಿಗೆ ಹಿಡಿಸುತ್ತದೆ. 28 ಮಿ.ಮೀ. ಒಂದೇ, ಹತ್ತಿರ ಬೇಕಾದರೆ ಕಾಲಲ್ಲಿ ನಡೆಯಬೇಕು. ಮಳೆಗೂ ಧೂಳಿಗೂ ರಕ್ಷಣೆಯಿಲ್ಲ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಮಾಡಿಸುವವರಿಗೆ ನನ್ನ ಓಟು ಇದಕ್ಕೇ.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಫೋಟೋ ಲೆಕ್ಕ ಹಾಕಿದೆ. ಕುಮಾರಪರ್ವತದ 140ರಲ್ಲಿ 70-300 ಹಾಕಿ ತೆಗೆದದ್ದು ಹನ್ನೊಂದು. ಎಲ್ಲ ಹಕ್ಕಿಗಳೇ, ಅದರಲ್ಲಿ ಏಳು ಅಲುಗಿವೆ. ಆದರೂ ಹಕ್ಕಿಯ ಆಸೆ ಬಿಡಲು ಕಷ್ಟ. 200 ಸಾಕಾಗುತ್ತದಾ? ಹಳೆಯದು ಕೊಳ್ಳುವುದಾದರೆ ಏನು ನೋಡಬೇಕು?

ಬೆಂಗಳೂರಿನಿಂದ

ಹಕ್ಕಿಗೆ 200 ಸಾಲದು ಸರ್. ಮರದ ತುದಿಯ ಮಂಗಟ್ಟೆ ಚುಕ್ಕೆಯಾಗಿಯೇ ಉಳಿಯುತ್ತದೆ. 600 ಮಿ.ಮೀ. ಬರುವ ಸೋನಿ ಆರ್‌ಎಕ್ಸ್10 ಮಾರ್ಕ್ 4 ಇದೆ, ಆದರೆ ಅದು 1,095 ಗ್ರಾಂ, ಮತ್ತೆ ನಿಮ್ಮ ಮಂಡಿಯ ಮೇಲೇ ಬೀಳುತ್ತದೆ. ನಾನು ಚಿಕ್ಕ ದುರ್ಬೀನು ಇಟ್ಟುಕೊಂಡು ಹಕ್ಕಿಯನ್ನು ಕಣ್ಣಲ್ಲೇ ನೋಡುತ್ತೇನೆ. ಹಕ್ಕಿಗೆಂದೇ ಹೋಗುವ ದಿನ, ನಡಿಗೆ ಕಡಿಮೆಯಿದ್ದಾಗ, ನಿಮ್ಮ ಡಿಎಸ್‌ಎಲ್‌ಆರ್ ಹೇಗೂ ಇದೆಯಲ್ಲ, ಮಾರಬೇಡಿ.

ಹಳೆಯದು ಕೊಳ್ಳುವಾಗ ಹತ್ತು ಸಲ ಆನ್-ಆಫ್ ಮಾಡಿ ಲೆನ್ಸ್ ತಡವರಿಸದೆ ಹೊರಬಂದು ಒಳಹೋಗುತ್ತದಾ ನೋಡಿ. ಜೂಮ್ ಪೂರ್ತಿ ಎಳೆದು ಎಫ್/11ರಲ್ಲಿ (ಲೆನ್ಸಿನ ಬೆಳಕಿನ ಕಿಂಡಿ ಚಿಕ್ಕದು ಮಾಡಿ) ಬಿಳಿ ಗೋಡೆಯ ಫೋಟೋ ತೆಗೆಯಿರಿ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆಮೇಲೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ. ನನ್ನ ಮೊದಲ ಕಾಂಪ್ಯಾಕ್ಟ್ ಹೋದದ್ದೇ ಹಾಗೆ. ಮಳೆಯಲ್ಲಿ ನೆನೆದದ್ದನ್ನು ಚರ್ಮದ ಪೌಚಿನಲ್ಲೇ ಬಿಟ್ಟು ಎರಡು ತಿಂಗಳು ಬೀರುವಿನಲ್ಲಿಟ್ಟಿದ್ದೆ. ರಿಪೇರಿಯವರು ಲೆನ್ಸ್ ಪೂರ್ತಿ ಬದಲಿಸಬೇಕು ಅಂದರು, ಆ ದುಡ್ಡಿಗೆ ಇನ್ನೊಂದು ಕ್ಯಾಮೆರಾ ಬರುತ್ತಿತ್ತು. ಈಗ ಮನೆಗೆ ಬಂದ ರಾತ್ರಿಯೇ ಬ್ಯಾಟರಿ ತೆಗೆದು, ಒರೆಸಿ, ಫ್ಯಾನ್ ಗಾಳಿಗೆ ಇಟ್ಟು, ಬೆಳಗ್ಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡುತ್ತೇನೆ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ಕೊಳ್ಳುವ ಮುಂಚೆ ಒಂದು ವಾರಾಂತ್ಯ ಬಾಡಿಗೆಗೆ ತಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ಸಾವಿರ ಮೆಟ್ಟಿಲಲ್ಲಿ ಎಷ್ಟು ಸಲ ತಾನಾಗಿ ಕೈಗೆ ಬಂತು ಅಂತ ಗಮನಿಸಿ, ನಮಗೂ ತಿಳಿಸಿ.