ಐವತ್ತೇಳರಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಬೇಕೇ?: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 57 ವರ್ಷ. ಊರು ದಾವಣಗೆರೆ. ಬ್ಯಾಂಕ್ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದಿದ್ದೇನೆ. ಚಿಕ್ಕವಳಿದ್ದಾಗ ನಾಗರಪಂಚಮಿಯ ಜೋಕಾಲಿಯಿಂದ ಬಿದ್ದು ಮೂಗಿನ ಮೂಳೆ ಮುರಿಯಿತು. ಅಂದಿನಿಂದ ಮೂಗು ಒಂದು ಕಡೆ ವಾಲಿದೆ, ನಡುವೆ ಗೂನು ಎದ್ದಿದೆ. ಹೆಣ್ಣು ನೋಡಲು ಬಂದ ಎರಡು ಸಂಬಂಧಗಳು ಇದೇ ಕಾರಣಕ್ಕೆ ತಪ್ಪಿದವು. ಈಗ ತುದಿಯೂ ಜೋಲುತ್ತಿದೆ. ರಾತ್ರಿ ಒಂದು ಹೊಳ್ಳೆ ಕಟ್ಟಿಕೊಂಡು ಬಾಯಿಯಿಂದ ಉಸಿರಾಡುತ್ತೇನೆ. ಪತಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನದೇ ಹಣದಲ್ಲಿ ಮೂಗು ಸರಿ ಮಾಡಿಸಿಕೊಳ್ಳುವ ಆಸೆ. ಮಗಳು, 'ಮೊಮ್ಮಗನನ್ನು ಆಡಿಸುವ ವಯಸ್ಸಿನಲ್ಲಿ ಇದೆಲ್ಲ ಬೇಕಾ? ಜನ ಏನಂದಾರು?' ಎನ್ನುತ್ತಾಳೆ. ನಾನು ಏನು ಮಾಡಲಿ?

*

'ಈ ವಯಸ್ಸಿನಲ್ಲಿ ಬೇಕಾ' ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅರವತ್ತರ ಗಂಡಸು ತಲೆಗೆ ಬಣ್ಣ ಹಚ್ಚಿದರೆ, ಹಲ್ಲು ಕಟ್ಟಿಸಿಕೊಂಡರೆ, ಬೋಳುತಲೆಗೆ ಕೂದಲು ನಾಟಿ ಮಾಡಿಸಿಕೊಂಡರೆ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಹೆಂಗಸು ತನ್ನ ದುಡಿಮೆಯ ಹಣದಲ್ಲಿ ತನಗಾಗಿ ಒಂದು ಕೆಲಸ ಮಾಡಿಸಿಕೊಳ್ಳುತ್ತೇನೆ ಎಂದರೆ ಮಾತ್ರ ಮನೆಮಂದಿಗೆಲ್ಲ ಅವಳ ವಯಸ್ಸು ನೆನಪಾಗುತ್ತದೆ.

ಅಕ್ಕಾ, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ತಪ್ಪಿದ ಸಂಬಂಧಗಳ ವಿಷಯ. ಉಪ್ಪಿಟ್ಟು, ಚಹಾ ಮುಗಿಸಿ ಎದ್ದು ಹೋದವರು ಆಮೇಲೆ ಮಧ್ಯಸ್ಥರ ಕೈಲಿ 'ಹುಡುಗಿ ಓದಿದ್ದಾಳೆ, ಗುಣವಂತೆ, ಆದರೆ ಮೂಗು...' ಎಂದು ಹೇಳಿ ಕಳಿಸುತ್ತಿದ್ದುದನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಆ 'ಆದರೆ' ಹೆಣ್ಣುಮಕ್ಕಳ ಮನಸ್ಸಿನಿಂದ ಅಳಿಯುವುದಿಲ್ಲ. ಫೋಟೊ ತೆಗೆಯುವಾಗ ಅವರು ತಾವಾಗಿಯೇ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ. ನಲವತ್ತು ವರ್ಷ ಬ್ಯಾಂಕು, ಮನೆ, ಮಕ್ಕಳು, ಕಾಯಿಲೆ ಎಂದು ಆಸೆಯನ್ನು ಅದುಮಿಟ್ಟುಕೊಂಡು ಬಂದಿದ್ದೀರಿ. ಇದನ್ನು ಶೋಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ವೈದ್ಯರು ಆಗಬಹುದು ಎಂದರೆ ಮಾಡಿಸಿಕೊಳ್ಳಿ. ಜನ ಎರಡು ದಿನ ಮಾತಾಡುತ್ತಾರೆ, ಮೂರನೆಯ ದಿನ ಬೇರೆಯವರ ಮನೆಯ ಸುದ್ದಿ ಸಿಗುತ್ತದೆ.

— ನಿವೃತ್ತ ಶಿಕ್ಷಕಿ, ಧಾರವಾಡ

*

ನಾನು ಬೇಡ ಎನ್ನುವವಳು. ನನಗೀಗ 68. ನಿಮ್ಮ ವಯಸ್ಸು ದಾಟಿ ಬಂದ ಮೇಲೆ ಮಂಡಿ, ಕಣ್ಣಿನ ಪೊರೆ, ಗರ್ಭಕೋಶ ಎಂದು ಒಂದರ ಹಿಂದೆ ಒಂದು ಆಸ್ಪತ್ರೆ ಮೆಟ್ಟಿಲು ಹತ್ತಿದ್ದೇನೆ. ಬೇಡವೆಂದರೂ ಬರುವ ಶಸ್ತ್ರಚಿಕಿತ್ಸೆಗಳೇ ಸಾಕಷ್ಟಿರುವಾಗ, ಸಕ್ಕರೆ ಕಾಯಿಲೆ ಇಟ್ಟುಕೊಂಡು ನಾವಾಗಿಯೇ ಅರಿವಳಿಕೆಯ ಮೇಜಿನ ಮೇಲೆ ಮಲಗುವುದೇಕೆ? ಆ ಹಣ ಕಷ್ಟಕಾಲಕ್ಕೆ ಇರಲಿ. ಉಸಿರಾಟದ ತೊಂದರೆಗೆ ಮಾತ್ರ ಚಿಕಿತ್ಸೆ ಪಡೆಯಿರಿ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೂ ತಂಗಿಗೆ ಹೇಳುವಂತೆ ಹೇಳುತ್ತಿದ್ದೇನೆ.

— ಗೃಹಿಣಿ, ಶಿರಸಿ

*

ಕಿವಿ, ಮೂಗು, ಗಂಟಲಿನ ವೈದ್ಯನಾಗಿ ದುಡಿದು ನಿವೃತ್ತನಾದವನು ನಾನು. ಈ ಪತ್ರದಲ್ಲಿ ಎಲ್ಲರ ಕಣ್ಣೂ ಮೂಗಿನ ಆಕಾರದ ಮೇಲೆ ಬೀಳುತ್ತದೆ. ನನ್ನ ಕಣ್ಣು ಬಿದ್ದದ್ದು 'ಬಾಯಿಯಿಂದ ಉಸಿರಾಡುತ್ತೇನೆ' ಎಂಬ ಮಾತಿನ ಮೇಲೆ. ಬಿದ್ದ ಪೆಟ್ಟಿಗೆ ಹೊರಗಿನ ಮೂಳೆ ವಾಲಿದ್ದರೆ, ಎರಡು ಹೊಳ್ಳೆಗಳ ನಡುವಿನ ಗೋಡೆಯೂ, ಅಂದರೆ ಸೆಪ್ಟಮ್ ಕೂಡ, ಸೊಟ್ಟಗಾಗಿರುವ ಸಾಧ್ಯತೆ ಹೆಚ್ಚು.

ಕನ್ನಡಿಯ ಮುಂದೆ ನಿಂತು ಎರಡು ಸಣ್ಣ ಪರೀಕ್ಷೆ ಮಾಡಿ ನೋಡಿ, ತಾಯಿ. ಕಟ್ಟಿರುವ ಹೊಳ್ಳೆಯ ಪಕ್ಕದ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಕಿವಿಯ ಕಡೆಗೆ ಎಳೆದು ಉಸಿರು ತೆಗೆದುಕೊಳ್ಳಿ. ಆಮೇಲೆ ಜೋಲುವ ಮೂಗಿನ ತುದಿಯನ್ನು ತುಸು ಮೇಲಕ್ಕೆತ್ತಿ ಹಿಡಿದು ಉಸಿರಾಡಿ. ಇವುಗಳಲ್ಲಿ ಯಾವುದರಿಂದಲಾದರೂ ಗಾಳಿ ಸಲೀಸಾಗಿ ಒಳಹೋದರೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ವಯಸ್ಸಾದಂತೆ ಮೂಗಿನ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ಆಸರೆ ಸಡಿಲವಾಗಿ ತುದಿ ಇಳಿಯುತ್ತದೆ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಹಾಗಿದ್ದಾಗ ತುದಿಯನ್ನು ಎತ್ತಿ ನಿಲ್ಲಿಸುವುದು ಅಂದಕ್ಕಷ್ಟೇ ಆಗುವ ಕೆಲಸವಲ್ಲ. ಒಳಗೋಡೆಯನ್ನು ನೇರ ಮಾಡುವುದನ್ನೂ ಹೊರಗಿನ ಆಕಾರವನ್ನು ತಿದ್ದುವುದನ್ನೂ ಒಂದೇ ಬಾರಿಗೆ ಮಾಡುವ ಸೆಪ್ಟೋರೈನೋಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆ ಇದೆ. ನಿಮಗೆ ಅದು ಹೊಂದುತ್ತದೆಯೇ ಎಂದು ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆ, ಅಂದರೆ ಎಂಡೋಸ್ಕೋಪ್‌ನಿಂದ ಮೂಗಿನ ಒಳಗೆ ನೋಡಿಯೇ ಹೇಳಬೇಕು.

ಇದಕ್ಕೆ ವಯಸ್ಸಿನ ಮೇಲ್ಮಿತಿ ಎಂಬುದಿಲ್ಲ. ಆದರೆ 25ರ ಮೂಗೂ 57ರ ಮೂಗೂ ಒಂದೇ ಅಲ್ಲ. ಮೂಳೆ ಪೆಡಸಾಗಿರುತ್ತದೆ, ಚರ್ಮದ ಬಿಗಿ ಕಡಿಮೆಯಾಗಿರುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಹಾಗಾಗಿ ಅನುಭವಿ ವೈದ್ಯರು ಈ ವಯಸ್ಸಿನಲ್ಲಿ ಹೆಚ್ಚು ಕೆತ್ತುವುದಿಲ್ಲ. ಗೂನನ್ನು ತಗ್ಗಿಸಿ, ವಾಲಿದ್ದನ್ನು ಮಧ್ಯಕ್ಕೆ ತಂದು, ತುದಿಗೆ ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಆಸರೆಗೆ ಬೇಕಾದ ಮೃದ್ವಸ್ಥಿಯನ್ನು ಒಳಗೋಡೆಯಿಂದ, ಸಾಲದಿದ್ದರೆ ಕಿವಿಯಿಂದ ತೆಗೆಯುತ್ತಾರೆ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ, ಎರಡು ವಾರ ಕಣ್ಣಿನ ಸುತ್ತ ಕಂದು. ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕಾಗುತ್ತದೆ. ಕೆಲವರಿಗೆ ಎರಡನೆಯ ಬಾರಿ ತಿದ್ದಿಸಿಕೊಳ್ಳುವ ಅಗತ್ಯ ಬೀಳುತ್ತದೆ. ಈ ಮಾತನ್ನು ಮೊದಲೇ ಬಾಯಿಬಿಟ್ಟು ಹೇಳುವ ವೈದ್ಯರನ್ನೇ ನಂಬಿ.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಇಸಿಜಿ, ಅರಿವಳಿಕೆ ತಜ್ಞರ ತಪಾಸಣೆ ಕಡ್ಡಾಯ. ಬಿ.ಪಿ. ಏರಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ರಕ್ತ ತೆಳುವಾಗಿಸುವ ಆಸ್ಪಿರಿನ್‌ನಂಥ ಮಾತ್ರೆ ಇದ್ದರೆ ನಿಮಗೆ ನೀವೇ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟವರನ್ನು ಕೇಳಿ. ಬೆಳ್ಳುಳ್ಳಿ ಮಾತ್ರೆ, ಮೀನೆಣ್ಣೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. 'ಕತ್ತರಿ ಇಲ್ಲದೆ, ಅರ್ಧ ಗಂಟೆಯಲ್ಲಿ ಮೂಗು ನೇರ' ಎಂದು ಬ್ಯೂಟಿ ಕ್ಲಿನಿಕ್‌ಗಳಲ್ಲಿ ಚುಚ್ಚಿ ಚರ್ಮದಡಿ ತುಂಬುವ ಜೆಲ್, ಅಂದರೆ ಫಿಲ್ಲರ್‌ಗೆ ಮರುಳಾಗಬೇಡಿ. ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕವಿದೆ. ಅಪರೂಪಕ್ಕಾದರೂ ಆ ಚುಚ್ಚುಮದ್ದಿನಿಂದ ದೃಷ್ಟಿಯನ್ನೇ ಕಳೆದುಕೊಂಡವರಿದ್ದಾರೆ. ಅದರಿಂದ ನಿಮ್ಮ ಉಸಿರಾಟವೂ ಸರಿಹೋಗುವುದಿಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಪಡೆದವರ ಬಳಿಗೆ, ಇಲ್ಲವೇ ಮೂಗಿನ ಕೆಲಸದಲ್ಲಿ ಪಳಗಿದ ಇಎನ್‌ಟಿ ತಜ್ಞರ ಬಳಿಗೆ ಹೋಗಿ. ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ. ಇಬ್ಬರ ಅಭಿಪ್ರಾಯವನ್ನಾದರೂ ಕೇಳಿ.

— ನಿವೃತ್ತ ವೈದ್ಯ, ಮೈಸೂರು

*

ನಾನು ಐವತ್ತು ದಾಟಿದ ಮೇಲೆ ಇದನ್ನೇ ಮಾಡಿಸಿಕೊಂಡವಳು. ವೈದ್ಯರು ಹೇಳದ ಕೆಲವು ಮಾತು ನಾನು ಹೇಳುತ್ತೇನೆ.

ಮೊದಲ ತೊಡಕು ಮೂಗುಬೊಟ್ಟಿನದು. ಹದಿನಾರರಲ್ಲಿ ಹಾಕಿದ್ದು, ತಿರುಪು ಎಣ್ಣೆ, ಕೊಳೆ ಸೇರಿ ಬಿಗಿದು ಕೂತಿತ್ತು. ತೆಂಗಿನೆಣ್ಣೆ ಬಿಟ್ಟು ಎಷ್ಟು ತಿರುಗಿಸಿದರೂ ಅಲುಗಲಿಲ್ಲ. ಕೊನೆಗೆ ಅಕ್ಕಸಾಲಿಗರು ಒಳಗಿನ ಕಡ್ಡಿಯನ್ನೇ ಕತ್ತರಿಸಿ ತೆಗೆದರು. ನಿಮಗೂ ಮೂಗುಬೊಟ್ಟಿದ್ದರೆ ಆಸ್ಪತ್ರೆಗೆ ಸೇರುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಮುಂಚಿತವಾಗಿಯೇ ತೆಗೆಸಿ.

ಎರಡನೆಯದು ಕನ್ನಡಕ. ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಅದರ ಭಾರ ಬೀಳಬಾರದು. ನಮ್ಮ ವಯಸ್ಸಿನಲ್ಲಿ ಕನ್ನಡಕವಿಲ್ಲದೆ ಮಾತ್ರೆಯ ಹೆಸರನ್ನೂ ಓದಲಾಗುವುದಿಲ್ಲ. ನನ್ನ ಮಗ ಕನ್ನಡಕದ ನಡುಗಂಬಿಯನ್ನು ಅಂಟುಪಟ್ಟಿಯಿಂದ ಹಣೆಗೆ ತೂಗುಹಾಕಿ ಕೊಡುತ್ತಿದ್ದ. ತಲೆ ಎತ್ತರಕ್ಕಿಟ್ಟು ಅಂಗಾತ ಮಲಗಬೇಕು. ಬಾಯಿಯಿಂದ ಉಸಿರಾಡಿ ತುಟಿ ಒಡೆಯುತ್ತದೆ, ತುಪ್ಪ ಸವರಿಕೊಳ್ಳಿ. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಅಂದರೆ ರಂಗೋಲಿಯೂ ಇಲ್ಲ, ನೀರಿನ ಕೊಡವೂ ಇಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಒಣಮೆಣಸಿನ ಒಗ್ಗರಣೆ ಹಾಕುವಾಗ ಅಡುಗೆಮನೆಯ ಹತ್ತಿರವೂ ಸುಳಿಯಬೇಡಿ. ಮೊಮ್ಮಗನನ್ನು ಕೆಲವು ವಾರ ಎತ್ತಿಕೊಳ್ಳಬೇಡಿ. ಮಕ್ಕಳು ಪ್ರೀತಿಯಿಂದ ತಲೆ ಗುದ್ದುತ್ತವೆ.

ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿ ನಾನು ಅತ್ತೆ. ಊದಿಕೊಂಡ, ಮೇಲಕ್ಕೆ ಎಗರಿದ ಆ ಮೂಗು ನನ್ನದಾಗಿರಲಿಲ್ಲ. ಊತ ಇಳಿಯಲು ತಿಂಗಳುಗಳೇ ಬೇಕಾದವು. ಈಗ ಮೂಗು ಬಹುಮಟ್ಟಿಗೆ ನೇರವಾಗಿದೆ, ಬೆಳಕು ಒಂದು ಬದಿಯಿಂದ ಬಿದ್ದರೆ ಹಳೆಯ ವಾಲು ಸ್ವಲ್ಪ ಕಾಣುತ್ತದೆ. ನನಗೆ ತೃಪ್ತಿಯಿದೆ. ಮದುವೆಮನೆಯಲ್ಲಿ ಸಿಕ್ಕ ನೆಂಟರು, 'ಸ್ವಲ್ಪ ಸಣ್ಣಗಾಗಿದ್ದೀರಿ ಅಲ್ಲವೇ?' ಎಂದು ಕೇಳಿದರೇ ಹೊರತು ಮೂಗಿನ ಸುದ್ದಿ ಯಾರೂ ಎತ್ತಲಿಲ್ಲ.

— ಓದುಗಿ, ಪುತ್ತೂರು

*

ವಿಮಾ ಕ್ಷೇತ್ರದಲ್ಲಿದ್ದವನಾಗಿ ಒಂದು ಸೂಚನೆ. ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ನಿಂದಾದ ವಿಕಾರ ಸರಿಪಡಿಸಲು, ಅಥವಾ ವೈದ್ಯಕೀಯವಾಗಿ ಅಗತ್ಯವೆಂದು ವೈದ್ಯರು ಪ್ರಮಾಣೀಕರಿಸಿದರೆ ಈ ನಿಯಮಕ್ಕೆ ವಿನಾಯಿತಿ ಇದೆ. ಜಿಎಸ್‌ಟಿಯಲ್ಲೂ ಹಾಗೆಯೇ: ಬರಿಯ ಸೌಂದರ್ಯ ಚಿಕಿತ್ಸೆಗೆ ತೆರಿಗೆ ಉಂಟು, ಗಾಯದಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಕ್ಕೆ ಇಲ್ಲ. ಆದ್ದರಿಂದ ಜೋಕಾಲಿಯಿಂದ ಬಿದ್ದ ಪೆಟ್ಟನ್ನೂ ಉಸಿರಾಟದ ತೊಂದರೆಯನ್ನೂ ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ, ಕೇಸ್ ಶೀಟ್‌ನಲ್ಲಿ ಬರೆಸಿ. ಸೆಪ್ಟಮ್ ಚಿಕಿತ್ಸೆಗೆ ಹಲವು ಪಾಲಿಸಿಗಳಲ್ಲಿ ಕೊಂಡ ದಿನದಿಂದ ಎರಡು ವರ್ಷ ಕಾಯುವ ಅವಧಿ ಇರುತ್ತದೆ, ನಿಮ್ಮದನ್ನು ಓದಿ ನೋಡಿ. ಒಳಗಿನ ಕೆಲಸಕ್ಕೂ ಹೊರಗಿನ ಕೆಲಸಕ್ಕೂ ಖರ್ಚಿನ ಅಂದಾಜನ್ನು ಬೇರೆ ಬೇರೆಯಾಗಿ ಕೇಳಿ ಪಡೆಯಿರಿ.

— ನಿವೃತ್ತ ವಿಮಾ ಅಧಿಕಾರಿ, ಹುಬ್ಬಳ್ಳಿ

*

ಮೂಗು ಸರಿಪಡಿಸುವುದು ಹೊರಗಿನಿಂದ ಬಂದ ಫ್ಯಾಷನ್ ಎಂದು ನಿಮ್ಮ ಮಗಳು ತಿಳಿದಿದ್ದರೆ ಇದನ್ನು ಓದಿ ಹೇಳಿ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುವ ಕಾವಸ್‌ಜಿ ಎಂಬವನು ಟಿಪ್ಪುವಿನ ಪಡೆಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ಸ್ಥಳೀಯ ಕುಶಲಿ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಆ ವರದಿ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ. ಈ ವಿದ್ಯೆ ಇಲ್ಲಿಂದಲೇ ಅಲ್ಲಿಗೆ ಹೋದದ್ದು.

— ಇತಿಹಾಸ ಉಪನ್ಯಾಸಕ, ಮಂಡ್ಯ

*

ಆಪ್ತಸಮಾಲೋಚಕಿಯಾಗಿ ನನಗಿರುವ ಪ್ರಶ್ನೆ ಒಂದೇ. ಈ ಆಸೆ ಪತಿ ತೀರಿಕೊಂಡ ಮೇಲೆ ಹುಟ್ಟಿದ್ದೇ, ಮೊದಲಿನಿಂದಲೂ ಇದ್ದದ್ದೇ? ನಿಮ್ಮ ಪತ್ರ ನೋಡಿದರೆ ಹಳೆಯದೇ ಅನಿಸುತ್ತದೆ. ಆದರೆ ದಿನದ ಬಹುಪಾಲು ಕನ್ನಡಿಯ ಮುಂದೆ ಕಳೆಯುತ್ತಿದ್ದರೆ, ಮೂಗು ಸರಿಹೋದರೆ ಒಂಟಿತನವೂ ಹೋಗುತ್ತದೆ ಎಂದು ಒಳಗೊಳಗೇ ಅನಿಸುತ್ತಿದ್ದರೆ, ಶಸ್ತ್ರಚಿಕಿತ್ಸೆಗೆ ಮೊದಲು ನನ್ನಂಥವರ ಜೊತೆ ಒಮ್ಮೆ ಕೂತು ಮಾತಾಡಿ. ಆ ದುಃಖ ಮೂಗಿನಲ್ಲಿಲ್ಲ.

— ಹಾಸನ

*

ಈ ಪತ್ರ ಅಮ್ಮನಿಗಲ್ಲ, ಮಗಳಿಗೆ. ನಾನೂ ನಿಮ್ಮ ವಯಸ್ಸಿನವಳು, ನನಗೂ ಅಮ್ಮ ಇದ್ದಾರೆ. ನಿಮ್ಮ ಮಾತಿನ ಹಿಂದೆ ಭಯವಿದೆ ಎಂದು ನನಗೆ ಗೊತ್ತಾಗುತ್ತದೆ. ಒಂದೂವರೆ ವರ್ಷದ ಹಿಂದೆ ಅಪ್ಪನನ್ನು ಕಳೆದುಕೊಂಡವರಿಗೆ ಅಮ್ಮ ಆಸ್ಪತ್ರೆ ಎಂದರೆ ಎದೆ ನಡುಗುವುದು ಸಹಜ. ಆ ಭಯವನ್ನೇ ಅವರಿಗೆ ಹೇಳಿ. 'ಜನ ಏನಂದಾರು' ಎನ್ನಬೇಡಿ. ಅವರು ಆ ಜನರ ಮಾತನ್ನು ಚಿಕ್ಕಂದಿನಿಂದ ಸಾಕಷ್ಟು ಕೇಳಿದ್ದಾರೆ. ವೈದ್ಯರ ಬಳಿ ಅಮ್ಮನ ಜೊತೆ ಹೋಗಿ, ನಿಮ್ಮ ಅನುಮಾನಗಳನ್ನೆಲ್ಲ ಅಲ್ಲೇ ಕೇಳಿ. ಅವರು ಮಾಡಿಸಿಕೊಳ್ಳುವುದೇ ಎಂದಾದರೆ ಮೊದಲ ವಾರ ಮನೆಯಲ್ಲಿ ಒಬ್ಬರು ಇರಲೇಬೇಕಂತೆ. ಅದಕ್ಕೆ ಈಗಲೇ ಕಚೇರಿಯಲ್ಲಿ ರಜೆ ಕೇಳಿಡಿ.

— ಓದುಗಿ, ಬೆಂಗಳೂರು