ಚಿಂಚಿಲ್ಲಾ ಮೂರು ದಿನದಿಂದ ಕೆಳಭಾಗವನ್ನು ನೆಕ್ಕಿಕೊಳ್ಳುತ್ತಲೇ ಇದೆ, ಮೂತ್ರ ಹನಿಹನಿಯಾಗಿ ಬರುತ್ತಿದೆ: ಸಹಾಯ ಬೇಕು

ತೊಗರಿಕಣಜ (ಕಲಬುರಗಿ):
ನಮ್ಮ ಚಿಂಚಿಲ್ಲಾ (ದಟ್ಟ ತುಪ್ಪಳದ, ಇಲಿಯ ಜಾತಿಯ ಸಾಕುಪ್ರಾಣಿ) ಸಜ್ಜೆ ಮೂರು ದಿನಗಳಿಂದ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕುಳಿತು, ಹಿಂಗಾಲುಗಳ ನಡುವೆ ಮೂತಿ ತೂರಿಸಿ ಒಂದೇ ಸಮನೆ ನೆಕ್ಕಿಕೊಳ್ಳುತ್ತಿದೆ. ಎಷ್ಟು ತಿಣುಕಿದರೂ ನಾಲ್ಕು ಹನಿ ಮೂತ್ರ ಬಂದರೆ ಹೆಚ್ಚು. ಊರಿನ ವೈದ್ಯರೊಬ್ಬರು ಅದನ್ನು ಮುಟ್ಟಿಯೂ ನೋಡದೆ ಮೂತ್ರದ ಸೋಂಕು ಎಂದು ಬಾಯಿಗೆ ಹಾಕುವ ಔಷಧಿ ಬರೆದುಕೊಟ್ಟರು. ಎರಡು ಸಲ ಹಾಕಿದರೂ ಗುಣವಿಲ್ಲ. ನೆಂಟರೆಲ್ಲ ಇದನ್ನು ಚಿಂಚೋಳಿ ಕಡೆಯ ಇಲಿ ಎಂದೇ ತಿಳಿದಿರುವಾಗ ನಾನು ಯಾರನ್ನು ಕೇಳಲಿ?

ಫರಸಿಕಲ್ಲು (ಶಹಾಬಾದ):
ಇದು ಸೆಕೆಯ ಬಾಧೆ, ಅನುಮಾನವೇ ಬೇಡ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಭಾಗದ ಮಧ್ಯಾಹ್ನ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು, ಈ ಪ್ರಾಣಿಗಾದರೋ 27 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ನನ್ನ ಪಂಜರದ ಪ್ರತಿ ಅಂತಸ್ತಿನಲ್ಲೂ ನಮ್ಮೂರ ಫರಸಿ ಹಾಸಿದ್ದೇನೆ, ಏಸಿ ಸದಾ 20ರಲ್ಲಿ ಓಡುತ್ತದೆ, ಕರೆಂಟ್ ಹೋದರೆ ಇನ್ವರ್ಟರ್ ಇದೆ. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ತೊಂದರೆಯಾಗಿಲ್ಲ.

ಭೀಮಾತೀರ (ಯಾದಗಿರಿ):
ಹೆಣ್ಣಾಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ದುರ್ವಾಸನೆಯ ಸ್ರಾವ ಕಾಣುತ್ತಿದೆಯೇ, ಮೇವು ಬಿಟ್ಟಿದೆಯೇ ಎಂದು ನೋಡಿ. ಮರಿ ಹಾಕಿದ ಮೇಲೆ ಮಾಸು ಒಳಗೇ ಉಳಿದರೂ ಹೀಗಾಗುತ್ತದೆ.

ಬಿದ್ರಿಹೂಜಿ (ಬೀದರ):
ಮುಖ್ಯವಾದುದನ್ನೇ ನೀವು ಬರೆದಿಲ್ಲ. ಸಜ್ಜೆ ಗಂಡೋ ಹೆಣ್ಣೋ, ಪಂಜರದಲ್ಲಿ ಒಂಟಿಯೋ ಜೊತೆಯಲ್ಲಿ ಇನ್ನೊಂದಿದೆಯೋ, ಕೊಟ್ಟ ಔಷಧಿಯ ಹೆಸರೇನು?

ಫರಸಿಕಲ್ಲು:
ಗಂಡಾದರೇನು, ಹೆಣ್ಣಾದರೇನು, ಸೆಕೆ ಎರಡಕ್ಕೂ ಒಂದೇ. ಮೊದಲು ಕೋಣೆಯ ಉಷ್ಣಾಂಶ ತಿಳಿಸಿ.

ಬಿದ್ರಿಹೂಜಿ:
ಸೆಕೆ ತಗುಲಿದ ಚಿಂಚಿಲ್ಲಾದ ಕಿವಿ ಕೆಂಪೇರುತ್ತದೆ, ಅದು ಏದುಸಿರು ಬಿಡುತ್ತಾ ಅಡ್ಡ ಬೀಳುತ್ತದೆ. ಕೂತು ಆ ಒಂದೇ ಜಾಗವನ್ನು ನೆಕ್ಕುವುದಿಲ್ಲ. ನಿಮ್ಮ ಫರಸಿಯ ಬಗ್ಗೆ ನನಗೆ ಗೌರವವಿದೆ ಸರ್, ಆದರೆ ಇಲ್ಲಿನ ಪ್ರಶ್ನೆ ಅದಲ್ಲ.

ತೊಗರಿಕಣಜ:
ಕ್ಷಮಿಸಿ, ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೆ. ದೀಪಾವಳಿಯ ಮರುವಾರ ಹೈದರಾಬಾದಿನಿಂದ ತಂದ ಜೋಡಿ ಇದು, ಜೊತೆಯಲ್ಲಿ ಬಿಳಿಯ ಜೋಳ ಇದ್ದಾಳೆ. ಎರಡೂ ಹೆಣ್ಣೆಂದೇ ಮಾರಿದವರು ಹೇಳಿದ್ದರು. ಕೋಣೆ 22 ಡಿಗ್ರಿ ಇದೆ. ಔಷಧಿ ಅಮಾಕ್ಸಿಸಿಲಿನ್.

ಬಿದ್ರಿಹೂಜಿ:
ಆ ಔಷಧಿಯ ಮುಂದಿನ ಡೋಸ್ ಹಾಕಬೇಡಿ, ವೈದ್ಯರಿಗೆ ಈಗಲೇ ಫೋನ್ ಮಾಡಿ. ಪೆನ್ಸಿಲಿನ್ ಗುಂಪಿನ ಔಷಧಿ ಬಾಯಿಯ ಮೂಲಕ ಹೋದರೆ ಚಿಂಚಿಲ್ಲಾದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣವೇ ಹೋಗಬಹುದು. ಹಿಕ್ಕೆ ಸಣ್ಣದಾಗುತ್ತಿದೆಯೇ ಎಂದು ಗಮನಿಸಿ, ಒಣಹುಲ್ಲು ಸದಾ ಎದುರಿಗಿರಲಿ.

ಇನ್ನು ಹೆಣ್ಣೆಂಬ ಮಾತು. ಹೆಣ್ಣಿಗೂ ಮೂತ್ರದ್ವಾರದಲ್ಲಿ ಶಂಕುವಿನಂಥ ಮೊಳಕೆಯಿರುವುದರಿಂದ ಮಾರುವವರೂ ಮೋಸ ಹೋಗುತ್ತಾರೆ. ಮೊಳಕೆಯನ್ನು ನೋಡಬೇಡಿ, ಅದಕ್ಕೂ ಗುದದ್ವಾರಕ್ಕೂ ಇರುವ ಅಂತರವನ್ನು ನೋಡಿ: ಹೆಣ್ಣಿನಲ್ಲಿ ಎರಡೂ ಅಂಟಿಕೊಂಡಂತಿರುತ್ತವೆ, ಗಂಡಿನಲ್ಲಿ ನಡುವೆ ಬೋಳು ಚರ್ಮದ ಪಟ್ಟಿ ಎದ್ದು ಕಾಣುತ್ತದೆ. ಗಂಡಾಗಿದ್ದರೆ ನನ್ನ ಅನುಮಾನ ಕೂದಲಿನ ಉಂಗುರದ ಮೇಲೆ. ಉದುರಿದ ಕೂದಲು ಶಿಶ್ನದ ಸುತ್ತ ಹೊಸೆದುಕೊಂಡು, ಮುಂದೊಗಲಿನೊಳಗೆ ದಾರ ಬಿಗಿದಂತೆ ಕುಳಿತುಬಿಡುತ್ತದೆ.

ಭೀಮಾತೀರ:
ಒಪ್ಪಿದೆ, ನನ್ನದು ತಪ್ಪಿರಬಹುದು. ಆದರೂ ಜೋಳಳಲ್ಲಿ ಸ್ರಾವವಿದೆಯೇ ಎಂದು ಒಮ್ಮೆ ನೋಡಿ.

ತೊಗರಿಕಣಜ:
ಟವೆಲ್ಲಿನಲ್ಲಿ ಸುತ್ತಿ, ಟಾರ್ಚ್ ಹಿಡಿದು ನೋಡಿದೆವು. ಅಂತರ ಸ್ಪಷ್ಟವಾಗಿದೆ, ಸಜ್ಜೆ ಗಂಡು. ತೊಗಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಾಗ ತುದಿ ಊದಿಕೊಂಡು ಕಡುಗೆಂಪಾಗಿತ್ತು, ಬುಡದಲ್ಲಿ ಬೂದುಬಣ್ಣದ ಕೂದಲು ಬತ್ತಿಯಂತೆ ಸುತ್ತಿತ್ತು. ಎಳೆಯಬಹುದೇ?

ಬಿದ್ರಿಹೂಜಿ:
ಊತವಿಲ್ಲದಿದ್ದರೆ ನೀರಿನಂಶದ ಜೆಲ್ಲಿ ಹಚ್ಚಿ ಉರುಳಿಸುತ್ತಾ ತೆಗೆಯಬಹುದಿತ್ತು. ಈಗ ನೀವು ಕೈ ಹಾಕಬೇಡಿ, ಕತ್ತರಿಯನ್ನಂತೂ ಹತ್ತಿರ ತರಲೇಬೇಡಿ. ಮಂಪರು ಕೊಟ್ಟು ಬಿಡಿಸುವವರು ಬೇಕು. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಇವತ್ತೇ ಹೊರಡಿ.

ಫರಸಿಕಲ್ಲು:
ದಾರಿಯಲ್ಲಿ ಬುಟ್ಟಿಯೊಳಗೆ ತಣ್ಣನೆಯ ಫರಸಿಯ ತುಂಡೊಂದನ್ನು ಇಡಿ. ಈ ಮಾತಿಗಾದರೂ ಯಾರೂ ಆಕ್ಷೇಪಿಸಲಾರರು.

ತೊಗರಿಕಣಜ:
ಉಂಗುರ ಹೊರಬಂದಿತು. ಬೆಳಗಿನ ಜಾವ ಸಜ್ಜೆ ಧಾರಾಳವಾಗಿ ಮೂತ್ರ ಮಾಡಿ, ಹುಲ್ಲಿಗೆ ಬಾಯಿ ಹಾಕಿದೆ. ತಿಂಗಳಿಗೊಮ್ಮೆ ತೊಗಲು ಸರಿಸಿ ನೋಡಲು ವೈದ್ಯರು ತಿಳಿಸಿದ್ದಾರೆ. ಈಗ ಇನ್ನೊಂದು ಚಿಂತೆ ಶುರುವಾಗಿದೆ. ತಂದಾಗ 540 ಗ್ರಾಂ ಇದ್ದ ಜೋಳ ಇಂದು 630 ತೂಗುತ್ತಾಳೆ, ಹಿಡಿದರೆ ಸಿಡುಕುತ್ತಾಳೆ.

ಬಿದ್ರಿಹೂಜಿ:
ಜೋಳ ಗರ್ಭಿಣಿಯಾಗಿರಬಹುದು. ಸಜ್ಜೆಯನ್ನು ಈ ಕ್ಷಣವೇ ಬೇರೆ ಪಂಜರಕ್ಕೆ ಹಾಕಿ, ಏಕೆಂದರೆ ಹೆತ್ತ ಒಂದೆರಡು ದಿನಗಳಲ್ಲೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 111 ದಿನ. ನಿಮ್ಮ ದೀಪಾವಳಿಯ ಲೆಕ್ಕದಂತೆ ಶಿವರಾತ್ರಿಯಿಂದ ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯವರೆಗೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. ಹೆಚ್ಚಾಗಿ ನಸುಕಿನಲ್ಲೇ ಆಗುವುದರಿಂದ ಅಲಾರಾಂ ಇಟ್ಟುಕೊಳ್ಳಿ. ನಾಲ್ಕು ಗಂಟೆ ತಿಣುಕಿಯೂ ಮರಿ ಬಾರದಿದ್ದರೆ ಇಲ್ಲಿ ಬರೆಯುತ್ತಾ ಕೂರದೆ ಗಾಡಿ ಹತ್ತಿ.