ಮಾಸಿದ ರೆಕ್ಸಿನ್ ಸೀಟಿಗೆ ಮರಳಿ ಬಣ್ಣ: ಹಳೆಯ ಪದ್ಮಿನಿಯ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮಾವನವರು 1979ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಹಾಸನದ ಮನೆಯ ಶೆಡ್ಡಿನಲ್ಲಿ ಹನ್ನೆರಡು ವರ್ಷ ನಿಂತಿತ್ತು. ಎಂಜಿನ್ ಕೆಲಸ ಮುಗಿದು ಈಗ ಚೆನ್ನಾಗಿ ಓಡುತ್ತಿದೆ. ಸೀಟುಗಳಿಗೆ ಇರುವುದು ಕಾರಿನೊಂದಿಗೆ ಬಂದ ಕಡುಗೆಂಪು ರೆಕ್ಸಿನ್ನೇ. ಸಂಜೆಯ ಬಿಸಿಲು ಬೀಳುತ್ತಿದ್ದ ಹಿಂದಿನ ಸೀಟಿನ ಬೆನ್ನು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮುಂದಿನ ಸೀಟಿನಲ್ಲಿ ಚಾಲಕರು ಹತ್ತಿ ಇಳಿಯುವ ಅಂಚಿನಲ್ಲಿ ಎರಡು ಇಂಚಿನಷ್ಟು ಸೀಳಿದೆ. ಒಂದು ಕುಶನ್ ಅಂಗಡಿಯಲ್ಲಿ ವಿಚಾರಿಸಿದಾಗ, ಎಲ್ಲವನ್ನೂ ಕಿತ್ತು ಹೊಸ ರೆಕ್ಸಿನ್ ಹಾಕಿಸಿ ಎಂದರು. ಹಳೆಯದೇ ಉಳಿಯಬೇಕೆಂಬುದು ಮಾವನವರ ಆಸೆ. ಇದಕ್ಕೆ ಬಣ್ಣ ಮಾಡಿಸಬಹುದೇ, ಮಾಡಿಸಿದರೆ ನಿಲ್ಲುತ್ತದೆಯೇ?

ಉತ್ತರ: ನಮಸ್ಕಾರ ಮೇಡಂ. ದಯವಿಟ್ಟು ಅವಸರದಲ್ಲಿ ಏನನ್ನೂ ಕೀಳಿಸಬೇಡಿ. ಪದ್ಮಿನಿ ತಯಾರಾಗುತ್ತಿದ್ದ ಮುಂಬೈನ ಕುರ್ಲಾದ ಕಾರ್ಖಾನೆಯಿಂದ ಬಂದ ಆ ರೆಕ್ಸಿನ್ನಿನ ಮೇಲ್ಮೈಯಲ್ಲಿರುವ ಗೆರೆ, ಪ್ಲೀಟುಗಳ (ಸಾಲಾಗಿ ಹೊಲಿದ ಮಡಿಕೆಗಳ) ಅಗಲ, ಅಂಚಿಗೆ ಹೊಲಿದ ಉರುಟಾದ ಪೈಪಿಂಗಿನ ದಪ್ಪ ಇವನ್ನೆಲ್ಲ ಇಂದಿನ ಮಾರುಕಟ್ಟೆಯ ಮಾಲಿನಲ್ಲಿ ಹೊಂದಿಸುವುದು ಬಹಳ ಕಷ್ಟ. ಒಮ್ಮೆ ಕಿತ್ತು ಎಸೆದರೆ ಅಳತೆಗೂ ಮಾದರಿ ಉಳಿಯುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ನಿಮ್ಮ ರೆಕ್ಸಿನ್ ಬರಿಯ ಬಣ್ಣ ಕಳೆದುಕೊಂಡಿದೆಯೋ ಅಥವಾ ಜೀವವನ್ನೇ ಕಳೆದುಕೊಂಡಿದೆಯೋ ಎಂಬುದು. ರೆಕ್ಸಿನ್ ಎಂಬುದು ಮೂಲತಃ ನೈಟ್ರೋಸೆಲ್ಯುಲೋಸ್ ಲೇಪಿಸಿದ ಒಂದು ಬ್ರಿಟಿಷ್ ಬಟ್ಟೆಯ ವ್ಯಾಪಾರದ ಹೆಸರು. ನಾವು ಈಗ ಆ ಹೆಸರಿನಿಂದ ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಪದರ ಹಾಸಿದ ವಿನೈಲನ್ನು. ಪಿವಿಸಿ ತಾನಾಗಿ ನೀರಿನ ಪೈಪಿನಂತೆ ಗಡಸಾದ ವಸ್ತು. ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವವನ್ನು ಬೆರೆಸಿ ಸೀಟಿಗೆ ತಕ್ಕಷ್ಟು ಮೆದುವಾಗಿಸಿರುತ್ತಾರೆ. ವರ್ಷಗಟ್ಟಲೆ ಕಾವಿಗೆ ಸಿಕ್ಕ ವಿನೈಲಿನಿಂದ ಈ ದ್ರವ ನಿಧಾನವಾಗಿ ಹೊರಬಂದು ಆರಿಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಮೇಲಿನ ಬಣ್ಣವನ್ನೂ ಪಿವಿಸಿಯನ್ನೂ ಹಾಳುಮಾಡುತ್ತವೆ. ಮಾಸಿದ ಬಣ್ಣವನ್ನು ಮರಳಿ ಕೊಡಬಹುದು, ಆರಿಹೋದ ಮೆದುತನವನ್ನು ಯಾವ ಬಣ್ಣವೂ ಮರಳಿ ಕೊಡಲಾರದು.

ಹಿಂದಿನ ಸೀಟಿನ ಮಾಸಿದ ಜಾಗದಲ್ಲಿ, ಬೆಳಗಿನ ತಂಪಿನಲ್ಲಿ, ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ. ಗುರುತು ಬಿದ್ದು ತುಸು ಹೊತ್ತಿನಲ್ಲಿ ಮಾಯವಾದರೆ ಭಯವಿಲ್ಲ. ಸೀಟಿನ ಅಡಿಯಲ್ಲಿ ಮಡಚಿ ಸಿಕ್ಕಿಸಿರುವ ಅಂಚನ್ನು ಬಿಡಿಸಿದರೆ ಬಿಸಿಲು ಕಾಣದ ಮೂಲ ಬಣ್ಣ ಸಿಗುತ್ತದೆ. ಬಣ್ಣ ಬೆರೆಸುವವರಿಗೆ ಅದನ್ನೇ ತೋರಿಸಬೇಕು. ಒತ್ತಿದ ಜಾಗ ಹಪ್ಪಳದಂತೆ ಬಿರಿದರೆ, ಆ ಒಂದು ಭಾಗವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಕಾಪಾಡಿಕೊಳ್ಳಬಹುದು.

ಇನ್ನು ಬಣ್ಣ ನಿಲ್ಲುವುದು ತೊಳೆಯುವುದರ ಮೇಲೆ ನಿಂತಿದೆ. ಚರ್ಮಕ್ಕೆ ಬಣ್ಣ ಒಳಗಿಳಿದಂತೆ ವಿನೈಲಿಗೆ ಇಳಿಯುವುದಿಲ್ಲ. ಅದು ಮೇಲೆ ತೆಳುವಾದ ಪೊರೆಯಾಗಿ ಕೂರುತ್ತದೆ, ಆದ್ದರಿಂದ ಕೆಳಗೆ ಬೆವರಿನ ಜಿಡ್ಡೋ ಪಾಲಿಷೋ ಉಳಿದಿದ್ದರೆ ಸಿಪ್ಪೆಯಂತೆ ಎದ್ದುಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಡ್ಯಾಶ್‌ಬೋರ್ಡ್ ಹೊಳಪಿಗೆಂದು ಹಚ್ಚುವ ಸಿಲಿಕೋನ್ ಪಾಲಿಷ್. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ಒಂದು ಕಾರಿನ ಬಾಗಿಲ ಪ್ಯಾಡುಗಳನ್ನು ಸೋಪಿನಿಂದ ಮಾತ್ರ ತೊಳೆದು ಬಣ್ಣ ಹೊಡೆದಿದ್ದೆ. ಹೊಡೆಯುವಾಗಲೇ ಅಲ್ಲಲ್ಲಿ ಬಣ್ಣ ಸರಿದು ಮೀನಿನ ಕಣ್ಣಿನಂಥ ಗುಳಿಗಳು ಎದ್ದವು. ಎಲ್ಲವನ್ನೂ ಒರೆಸಿ ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ಸೀಟಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡದೆ ಕೆಲಸ ಶುರುಮಾಡುವುದಿಲ್ಲ. ತೊಳೆದ ಮೇಲೂ ನೀರು ಕೆಸುವಿನ ಎಲೆಯ ಮೇಲಿನಂತೆ ಉಂಡೆಗಟ್ಟಿ ಉರುಳಿದರೆ ಜಿಡ್ಡು ಇನ್ನೂ ಇದೆ ಎಂದೇ ತಿಳಿಯಬೇಕು.

ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ, ಪ್ಲೀಟುಗಳ ಸಂದಿಯನ್ನೂ ಹೊಲಿಗೆಯ ಸಾಲನ್ನೂ ಬಿಡದೆ ಉಜ್ಜಿ, ಬಿಳಿಯ ಬಟ್ಟೆಯಲ್ಲಿ ಕೊಳೆ ಬರುವುದು ನಿಲ್ಲುವವರೆಗೆ ಒರೆಸಬೇಕು. ನೀರು ಒಳಗಿನ ನಾರಿಗೂ ಸ್ಪ್ರಿಂಗಿಗೂ ಇಳಿಯಬಾರದು. ಪೂರ್ತಿ ಒಣಗಿದ ಮೇಲೆ, ಪೇಂಟ್ ಅಂಗಡಿಯಲ್ಲಿ ದೊರೆಯುವ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರವದಿಂದ ಬೇಗ ಬೇಗ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲನ್ನು ಬಳಸಬೇಕು. ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ, ಅವು ವಿನೈಲನ್ನೇ ಮೆತ್ತಗಾಗಿಸಿ ಮೇಲಿನ ಗೆರೆಗಳನ್ನು ಅಳಿಸಿಹಾಕುತ್ತವೆ.

ಬಳಿಕ ಅಂಟಿಕೊಳ್ಳಲು ನೆರವಾಗುವ ಪ್ರೈಮರಿನ ಒಂದು ತೆಳು ಕೋಟ್, ಅದರ ಮೇಲೆ ವಿನೈಲಿಗೆಂದೇ ತಯಾರಾದ ಬಾಗುವ ಬಣ್ಣದ ಮೂರೋ ನಾಲ್ಕೋ ಕೋಟ್. ಮೊದಲನೆಯದು ಮಂಜು ಬಿದ್ದಷ್ಟು ತೆಳುವಾಗಿರಲಿ, ಕೆಳಗಿನ ಗುಲಾಬಿ ಕಾಣಿಸುತ್ತಿದ್ದರೂ ಚಿಂತೆ ಬೇಡ. ಒಂದೇ ಸಲಕ್ಕೆ ಮುಚ್ಚಲು ಹೊರಟರೆ ಗೆರೆಗಳು ತುಂಬಿ ಸೀಟು ಪ್ಲಾಸ್ಟಿಕ್ ಕುರ್ಚಿಯಂತೆ ಕಾಣುತ್ತದೆ. ಕೋಟಿನ ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು, ಕೊನೆಗೆ ಮ್ಯಾಟ್ ಕ್ಲಿಯರ್, ಅಂದರೆ ಹೊಳಪೂ ಬಣ್ಣವೂ ಇಲ್ಲದ ರಕ್ಷಣೆಯ ಕೋಟ್ ಹೊಡೆಸಿ. ಎರಡು ದಿನ ಯಾರೂ ಕೂರಬಾರದು. ಸ್ಪ್ರೇ ಮಾಡುವವರು ತೆರೆದ ಗಾಳಿಯಲ್ಲಿದ್ದು, ಆವಿಯನ್ನು ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಲೇಬೇಕು. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು.

ಮರುಪ್ರಶ್ನೆ: ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು ಸರ್. ಒತ್ತಿ ನೋಡಿದೆವು, ಗುರುತು ಮಾಯವಾಯಿತು. ಆದರೆ ಮಾವನವರು ಹಿಂದೆ ಹಬ್ಬಕ್ಕೊಮ್ಮೆ ಸೀಟಿಗೆ ತೆಂಗಿನೆಣ್ಣೆ ಸವರುತ್ತಿದ್ದರಂತೆ. ಅದರಿಂದ ತೊಂದರೆಯೇ? ಸೀಳಿಗೆ ಏನು ಮಾಡುವುದು?

ಉತ್ತರ: ಅನೇಕ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು, ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ತೆಂಗಿನೆಣ್ಣೆ ಕಳೆದುಹೋದ ಪ್ಲಾಸ್ಟಿಸೈಜರಿನ ಜಾಗವನ್ನು ತುಂಬುವುದಿಲ್ಲ. ಮೇಲೆಯೇ ಉಳಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಸೋಪಿನ ಕೆಲಸವನ್ನು ಎರಡು ಮೂರು ಸಲ ಮಾಡಿ, ನೀರಿನ ಹನಿಯ ಪರೀಕ್ಷೆಯನ್ನು ಮತ್ತೆ ನಡೆಸಿ.

ಸೀಳನ್ನು ಬಣ್ಣಕ್ಕೆ ಮೊದಲೇ ಸರಿಪಡಿಸಬೇಕು. ಮೇಲಿನಿಂದ ಅಂಟು ಸುರಿದರೆ ಮೊದಲ ಸಲ ಕೂತಾಗಲೇ ಬಿಡುತ್ತದೆ, ಏಕೆಂದರೆ ಎಳೆತವನ್ನೆಲ್ಲ ತಡೆಯುವುದು ಒಳಗಿನ ಬಟ್ಟೆ. ಸೀಳಿನೊಳಗೆ ಅದಕ್ಕಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದಾದ ಗಟ್ಟಿ ಬಟ್ಟೆಯ ತುಂಡನ್ನು ತೂರಿಸಿ, ವಿನೈಲಿನ ಅಡಿಗೆ ಅಂಟಿಸಿ, ಅಂಚುಗಳು ಕೂಡಿದ ಮೇಲೆ ಸಂದಿಗೆ ಬಾಗುವ ವಿನೈಲ್ ಫಿಲ್ಲರ್ ತುಂಬಬೇಕು. ಅದು ಹಸಿಯಾಗಿರುವಾಗ ಗ್ರೇನ್ ಪೇಪರ್ (ರೆಕ್ಸಿನ್ನಿನಂಥ ಗೆರೆಗಳ ಅಚ್ಚಿರುವ ಹಾಳೆ) ಒತ್ತಿದರೆ ಗೆರೆ ಮೂಡುತ್ತದೆ. ಆ ಅಂಚಿನ ಹೊಲಿಗೆಯ ನೂಲನ್ನೂ ಎಳೆದು ನೋಡಿ. ಹತ್ತಿಯ ನೂಲು ಲಡ್ಡಾಗಿದ್ದರೆ ಹಳೆಯ ತೂತುಗಳಲ್ಲಿಯೇ ಪಾಲಿಯೆಸ್ಟರ್ ನೂಲಿನಿಂದ ಹೊಲಿಸಿ. ಹೊಸ ತೂತು ಬಿದ್ದರೆ ವಿನೈಲ್ ಅಂಚೆಚೀಟಿಯಂತೆ ಹರಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಇದನ್ನು ಮಳೆಗಾಲದಲ್ಲಿ ಮಾಡಿಸಬಹುದೇ ಸರ್? ನನ್ನದು ಅಂಬಾಸಡರ್, ಊರು ಸಕಲೇಶಪುರ.

ಉತ್ತರ: ಬೇಡ. ಗಾಳಿಯ ತೇವದಿಂದ ಬಣ್ಣ ಬಿಳಿಚಿಕೊಳ್ಳುತ್ತದೆ, ಆರುವುದೂ ತಡವಾಗುತ್ತದೆ. ನಿಮ್ಮ ಕಡೆ ದೀಪಾವಳಿ ಕಳೆದು ಒಣ ಹವೆ ಬಂದ ಮೇಲೆ ಮಾಡಿಸಿ. ಅಲ್ಲಿಯವರೆಗೆ ಸೀಟನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಡಿ, ತೆಳುವಾದ ಹತ್ತಿಯ ಬಟ್ಟೆ ಹೊದಿಸಿ, ಬಿಸಿಲು ಬಿದ್ದ ದಿನ ಗಾಜುಗಳನ್ನು ಇಳಿಸಿಡಿ.